ಖಾಲಿ ಸೀಟಿನ ಬೆಲೆ ಯಾರು ತೆರಬೇಕು?



ಈ ಸಲದ ಕಾಫಿ ಕೊಯ್ಲಿಗೆ ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಆಳುಗಳ ಒಂದು ತಂಡ ನಮ್ಮ ಕಡೆಗೆ ಬಂದಿತ್ತು. ಏಳು ಮಂದಿ ಹೆಂಗಸರು, ನಾಲ್ವರು ಗಂಡಸರು. ಸಿಂದಗಿಯಲ್ಲಿ ಸರ್ಕಾರಿ ಬಸ್ಸು ಹತ್ತಿ, ನಡುವೆ ಬಸ್ಸು ಬದಲಿಸಿ, ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿ ನಮ್ಮ ಪೇಟೆಗೆ ಬಂದಿಳಿದರು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ದೆಸೆಯಿಂದ ಹೆಂಗಸರಿಗೆ ಅಷ್ಟು ದೂರಕ್ಕೂ ಟಿಕೆಟ್ಟಿನ ಖರ್ಚು ಬೀಳಲಿಲ್ಲ. ಖರ್ಚು ಬಿದ್ದದ್ದು ಕೊನೆಯ 15 ಕಿಲೋಮೀಟರಿಗೆ. ಪೇಟೆಯಿಂದ ನಮ್ಮ ಊರಿಗೆ ಸಂಜೆಯ ಬಸ್ಸಿಲ್ಲ. ಹೊತ್ತು ಮುಳುಗಿತ್ತು. ವ್ಯಾನಿನವನು ಇಡೀ ಗಾಡಿಯ ಬಾಡಿಗೆ ಕೇಳಿದ, ಅವರು ಕೊಟ್ಟರು.

ಮರುದಿನ ಕಣದ ಬಳಿ ಈ ಮಾತು ಬಂದಾಗ ತಂಡದ ಹಿರಿಯಾಕೆ ನಕ್ಕು ಹೇಳಿದ್ದು ಹೀಗೆ: “ನಮ್ಮ ಕಡೇನೂ ಹಿಂಗ ಐತ್ರಿ. ಬಸ್ ತಪ್ಪಿತಂದ್ರ ಟಂಟಂ, ಟಂಟಂ ಇಲ್ಲಂದ್ರ ಕ್ರೂಸರ್. ತುಂಬೂತನಾ ಗಾಡಿ ಬಿಡೂದಿಲ್ಲ. ತುಂಬಿದ ಮ್ಯಾಲ ಕುಂಡ್ರಾಕ ಜಾಗ ಇರೂದಿಲ್ಲ.”

ತೊಗರಿ ಬೆಳೆಯುವ ಎರೆ ನೆಲದ ಮೋರಟಗಿಗೂ ಅಡಿಕೆ ಕಾಫಿಯ ನಮ್ಮ ಕಣಿವೆಗೂ ಮಣ್ಣು, ಮಳೆ, ಮಾತು ಎಲ್ಲವೂ ಬೇರೆ. ಈ ಒಂದು ತಾಪತ್ರಯ ಮಾತ್ರ ಇಬ್ಬರಿಗೂ ಒಂದೇ ಆಗಿದೆ. ಆಕೆಯ ಆ ಎರಡು ವಾಕ್ಯಗಳನ್ನೇ ಹಿಡಿದು ಈ ಸಂಚಿಕೆಯಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದು ನಮಗೆ ತೋರಿತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿ ಸೀಮೆಯ ನಮ್ಮ ಹಿರಿಯ ಸದಸ್ಯರಿಗೆ ಶಂಕರ್ ಕಂಪನಿಯ ಬಸ್ಸುಗಳ ನೆನಪು ಇನ್ನೂ ಮಾಸಿಲ್ಲ. ಆ ಕಂಪನಿ ನಿಂತಾಗ ಅದರ ನೌಕರರು ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ತಾವೇ ಕೂಡಿ ಕೊಪ್ಪದಲ್ಲಿ ಸಾರಿಗೆ ಸಹಕಾರ ಸಂಘವನ್ನು ಕಟ್ಟಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕುಗಳೇ ಒಡೆಯರಾದ ಸಂಸ್ಥೆ ಅದು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭವಾಗಿ ಎಪ್ಪತ್ತಕ್ಕೂ ಮಿಕ್ಕಿ ಬಸ್ಸುಗಳ ತನಕ ಬೆಳೆದು, ‘ಸಹಕಾರ ಸಾರಿಗೆ’ ಎಂಬ ಹೆಸರಿನಿಂದ ಮಲೆನಾಡಿನ ಮೂಲೆ ಮೂಲೆಯನ್ನು ಮುಟ್ಟಿತು.

ಆ ಬಸ್ಸು ನಮಗೆ ಏನಾಗಿತ್ತು ಎಂಬುದನ್ನು ಕಿರಿಯರಿಗಾಗಿ ಹೇಳಬೇಕು. ರಾತ್ರಿ ಊರಿನಲ್ಲೇ ತಂಗುತ್ತಿದ್ದ ಹಾಲ್ಟ್ ಬಸ್ಸು ಬೆಳಗಿನ ಜಾವದ ಗಡಿಯಾರವಾಗಿತ್ತು. ನಿರ್ವಾಹಕನ ಕೈಗೆ ಔಷಧದ ಚೀಟಿ ಕೊಟ್ಟರೆ ಸಂಜೆಗೆ ಔಷಧ ಬರುತ್ತಿತ್ತು. ಮಂಡಿಗೆ ಹೋಗುವ ಅಡಿಕೆಯ ಸ್ಯಾಂಪಲ್ಲು, ಪಂಪಿನ ಬಿಡಿಭಾಗ, ಮದುವೆಯ ಕರೆಯೋಲೆ, ದಿನಪತ್ರಿಕೆಯ ಕಟ್ಟು ಎಲ್ಲಕ್ಕೂ ಅದೇ ಗತಿ. ಜನ ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಅದು ಹೊರಡುತ್ತಿತ್ತು. ಐದೇ ಜನರಿದ್ದ ದಿನವೂ ಹೊರಡುತ್ತಿತ್ತು.

ಡೀಸೆಲ್ಲು, ಬಿಡಿಭಾಗ, ವಿಮೆ, ತೆರಿಗೆ ಏರುತ್ತ ಹೋದವು, ಟಿಕೆಟ್ಟಿನ ಆದಾಯ ಅದಕ್ಕೆ ಸರಿಗಟ್ಟಲಿಲ್ಲ. 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ತನ್ನ ಓಡಾಟ ನಿಲ್ಲಿಸಿತು. ಮುಂದಿನ ತಿಂಗಳು, ಮಾರ್ಚ್ 25ರಂದು, ಕೊರೋನಾದಿಂದಾಗಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಬಾಗಿಲು ತೆರೆದ ಬಳಿಕ ಹೆದ್ದಾರಿಗಳಲ್ಲಿ ಬಸ್ಸು ಓಡಿತು, ನಮ್ಮಂಥ ಒಳದಾರಿಗೆ ಹಾಲ್ಟ್ ಬಸ್ಸು ಮರಳಲಿಲ್ಲ. ಆ ಜಾಗಕ್ಕೆ ವ್ಯಾನು ಬಂತು, ಓಮ್ನಿ ಬಂತು, ಜೀಪು ಬಂತು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ವ್ಯಾನಿನವರನ್ನು ಹಳಿಯಲು ನಾವು ಈ ಲೇಖನ ಬರೆಯುತ್ತಿಲ್ಲ. ಅವರು ನಮ್ಮ ಮಕ್ಕಳೇ. ತೋಟದ ಹುಟ್ಟುವಳಿ ಸಾಲದೆ ಸಾಲ ಮಾಡಿ ಗಾಡಿ ಕೊಂಡವರು. ನಡುರಾತ್ರಿ ಹೆರಿಗೆ ನೋವು ಎಂದು ಕರೆದರೆ ಗಾಡಿ ತಂದವರು ಅವರು. ಬಸ್ಸು ನಿಂತ ದಿನದಿಂದ ಇಂದಿನ ತನಕ ಈ ಊರುಗಳನ್ನು ಪೇಟೆಗೆ ಜೋಡಿಸಿ ಹಿಡಿದವರೂ ಅವರೇ. ಅವರಿಲ್ಲದಿದ್ದರೆ ನಾವು ನಡೆದೇ ಹೋಗಬೇಕಿತ್ತು. ಈ ಉಪಕಾರವನ್ನು ಮರೆಯುವುದು ಸಲ್ಲದು.

ಆದರೂ ಬಸ್ಸು ಬೇರೆ, ವ್ಯಾನು ಬೇರೆ. ಈ ವ್ಯತ್ಯಾಸ ಗಾಡಿಯ ಉದ್ದದಲ್ಲಿಲ್ಲ. ಬಸ್ಸು ಹೊತ್ತು ನೋಡಿ ಹೊರಡುತ್ತದೆ, ವ್ಯಾನು ತಲೆ ಎಣಿಸಿ ಹೊರಡುತ್ತದೆ. ವ್ಯಾನಿನವನು ತಲೆ ಎಣಿಸುವುದು ತಪ್ಪೂ ಅಲ್ಲ. ಹನ್ನೆರಡು ಸೀಟಿನಲ್ಲಿ ಏಳು ಖಾಲಿ ಬಿಟ್ಟುಕೊಂಡು ದಿನಾ ಓಡಿಸಿದರೆ ಅವನ ಸಾಲದ ಕಂತು ಕಟ್ಟುವವರು ಯಾರು?

ಇಲ್ಲಿಯೇ ಇರುವುದು ವಿಷಯದ ಗಂಟು. ಯಾವ ಗಾಡಿಯಲ್ಲಾದರೂ ಸರಿ, ಖಾಲಿ ಸೀಟಿಗೂ ಒಂದು ಬೆಲೆ ಇದೆ, ಅದನ್ನು ಯಾರಾದರೂ ತೆರಲೇಬೇಕು. ಬಸ್ಸಿನ ಕಾಲದಲ್ಲಿ ಬೆಳಗಿನ ತುಂಬಿದ ಟ್ರಿಪ್ಪಿನ ಹಣ ಮಧ್ಯಾಹ್ನದ ಖಾಲಿ ಟ್ರಿಪ್ಪಿನ ನಷ್ಟವನ್ನು ಹೊರುತ್ತಿತ್ತು. ಅದೂ ಸಾಲದಾದಾಗ ಕಂಪನಿ ಹೊತ್ತಿತು, ಆಮೇಲೆ ಸಹಕಾರ ಸಂಘದ ನೌಕರರು ಹೊತ್ತರು, ಹೊರಲಾರದೆ ಇಳಿಸಿದರು. ಈಗ ಆ ಬೆಲೆ ಮಾಯವಾಗಿದೆ ಎಂದು ನಾವು ತಿಳಿದಿದ್ದರೆ ಅದು ಭ್ರಮೆ. ಹಣದ ರೂಪ ಬಿಟ್ಟು ಬೇರೆ ರೂಪದಲ್ಲಿ, ಬೇರೆಯವರ ಮೇಲೆ ಅದು ಬಿದ್ದಿದೆ.

ಯಾರ ಮೇಲೆ ಬಿದ್ದಿದೆ ನೋಡಿ. ಪಿ.ಯು. ಕಾಲೇಜಿಗೆ ಹೋಗುವ ನಮ್ಮ ನೆರೆಮನೆಯ ಹುಡುಗಿ ವಿಜ್ಞಾನ ವಿಭಾಗ ಸೇರಿದವಳು, ಎರಡನೆಯ ತಿಂಗಳಿಗೆ ಕಲಾ ವಿಭಾಗಕ್ಕೆ ಬದಲಾದಳು. ಪ್ರಯೋಗಾಲಯದ ತರಗತಿ ಮುಗಿಯುವಷ್ಟರಲ್ಲಿ ಕೊನೆಯ ವ್ಯಾನು ಹೊರಟುಬಿಡುತ್ತಿತ್ತು. ಅವಳು ಖಾಲಿ ಸೀಟಿನ ಬೆಲೆ ತೆತ್ತಳು. ರಕ್ತದೊತ್ತಡಕ್ಕೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ಮುದುಕರು ವ್ಯಾನು ತುಂಬಲು ಕಾದು, ತಲುಪುವಾಗ ವೈದ್ಯರ ಚೀಟಿ ಮುಗಿದಿರುತ್ತದೆ. ಅವರೂ ತೆತ್ತರು. ಪೇಟೆಯ ಕಡೆಯಿಂದ ಕೆಲಸಕ್ಕೆ ಬರುವ ಆಳು ಒಂಬತ್ತಕ್ಕೆ ಬರುವ ಬದಲು ಹತ್ತೂವರೆಗೆ ಬಂದರೆ ಅವನ ಕೂಲಿಯೂ ಕಡಿಮೆ, ನಮ್ಮ ಕೆಲಸವೂ ಕಡಿಮೆ. ಆಷಾಢದ ಮಳೆಯಲ್ಲಿ ಜನ ಕಡಿಮೆಯೆಂದು ವ್ಯಾನು ಹೊರಡುವುದೇ ಇಲ್ಲ, ಆಗ ಇಡೀ ಊರೇ ತೆರುತ್ತದೆ.

ಇನ್ನು ರಿಯಾಯಿತಿಯ ಮಾತು. ಸರ್ಕಾರಿ ಬಸ್ಸಿನಲ್ಲಿ ವಿದ್ಯಾರ್ಥಿಗೆ ಪಾಸು ಇದೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ, ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಪ್ರಯಾಣ ಉಚಿತ. ವ್ಯಾನಿನಲ್ಲಿ ಇದ್ಯಾವುದೂ ಇಲ್ಲ, ಇರಬೇಕೆಂದು ಕೇಳಲೂ ಆಗದು. ರಾಜ್ಯದ ಹೆಂಗಸರಿಗೆಲ್ಲ ಸರ್ಕಾರ ಕೊಟ್ಟ ಸೌಕರ್ಯ ನಮ್ಮ ಮನೆಯ ಹೆಂಗಸರಿಗೆ ಪೇಟೆ ಸೇರಿದ ಮೇಲಷ್ಟೇ ಆರಂಭವಾಗುತ್ತದೆ.

ಎಲ್ಲಕ್ಕಿಂತ ಭಾರವಾದದ್ದು ವಿಮೆಯ ಪ್ರಶ್ನೆ. ಇದನ್ನು ಸದಸ್ಯರು ಚೆನ್ನಾಗಿ ಮನಗಾಣಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ತಲೆಗಿಷ್ಟು ಎಂದು ಹಣ ಪಡೆದು ದಾರಿಯುದ್ದಕ್ಕೂ ಹತ್ತಿಸಿ ಇಳಿಸುವ ಗಾಡಿಗೆ ‘ಸ್ಟೇಜ್ ಕ್ಯಾರಿಯೇಜ್’ ರಹದಾರಿ ಬೇಕು. ಇಡೀ ಗಾಡಿಯನ್ನು ಒಪ್ಪಂದದ ಮೇಲೆ ಬಾಡಿಗೆಗೆ ಕೊಡುವುದು ‘ಕಾಂಟ್ರಾಕ್ಟ್ ಕ್ಯಾರಿಯೇಜ್’. ಒಪ್ಪಂದದಲ್ಲಿ ಸೇರದ ಪ್ರಯಾಣಿಕರನ್ನು ಅದು ನಡುದಾರಿಯಲ್ಲಿ ಹತ್ತಿಸುವಂತಿಲ್ಲ. ಚಾಲಕನನ್ನು ಬಿಟ್ಟು 6ಕ್ಕಿಂತ ಹೆಚ್ಚು, 12ಕ್ಕೆ ಮೀರದಷ್ಟು ಜನರನ್ನು ಒಯ್ಯುವ ಬಾಡಿಗೆ ಗಾಡಿ ಮ್ಯಾಕ್ಸಿಕ್ಯಾಬ್. ನಮ್ಮ ದಾರಿಯ ಹಳದಿ ಬೋರ್ಡಿನ ವ್ಯಾನುಗಳಿಗೆ ಇರುವುದು ಒಪ್ಪಂದದ ರಹದಾರಿ. ಬಿಳಿ ಬೋರ್ಡಿನವಕ್ಕೆ ಅದೂ ಇಲ್ಲ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆಗೆ ಓಡಿ ಅಪಘಾತವಾದರೆ ವಿಮಾ ಕಂಪನಿ ಕರಾರು ಮುರಿದಿದೆ ಎಂದು ತಕರಾರು ತೆಗೆಯುತ್ತದೆ. ಗಾಯಗೊಂಡವನು ನ್ಯಾಯಾಲಯದ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕಳೆಯಬೇಕಾಗುತ್ತದೆ.

ರಹದಾರಿ ಸರಿಯಿದ್ದರೂ ಮಿತಿ ಮೀರಿ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಹಿಮಾಚಲ ಪ್ರದೇಶದ ಒಂದು ಬಸ್ ಅಪಘಾತದ ಮೊಕದ್ದಮೆ ಇದೆ. 42 ಜನರಿಗೆ ವಿಮೆಯಿದ್ದ ಬಸ್ಸಿನಲ್ಲಿ 90 ಜನರಿದ್ದರು. ವಿಮೆಯಲ್ಲಿ ಎಷ್ಟು ಜನರ ಲೆಕ್ಕವಿದೆಯೋ ಅಷ್ಟು ಜನರ ಪರಿಹಾರಕ್ಕೆ ಮಾತ್ರ ಕಂಪನಿ ಹೊಣೆ ಎಂದು 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಹಣವನ್ನೇ ಎಲ್ಲರೂ ಹಂಚಿಕೊಳ್ಳಬೇಕಾಯಿತು. ಹನ್ನೆರಡರ ಗಾಡಿಯಲ್ಲಿ ಇಪ್ಪತ್ತು ಜನ ಕೂತು ನಾವು ಘಾಟಿಯ ತಿರುವು ಇಳಿಯುವಾಗ ಈ ಲೆಕ್ಕ ನೆನಪಿರಲಿ.

ಇಷ್ಟಕ್ಕೆಲ್ಲ ಕಾರಣ ಯಾರು? ಸರ್ಕಾರದ ಕಡೆ ಬೆರಳು ತೋರುವುದು ಸುಲಭ, ತೋರಬೇಕಾದ ಕಡೆ ತೋರೋಣ. ಆದರೆ ಉಳಿದ ಬೆರಳುಗಳು ನಮ್ಮ ಕಡೆಗೇ ತಿರುಗಿವೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಬೈಕು ಕೊಂಡೆವು. ಕಾಫಿಗೆ ಬೆಲೆ ಬಂದ ವರ್ಷ ಕಾರು ಕೊಂಡೆವು. ಕೊಂಡದ್ದು ತಪ್ಪಲ್ಲ. ಕೊಂಡ ಮೇಲೆ ಬಸ್ಸಿನ ಕಡೆ ತಿರುಗಿ ನೋಡದೆ ಹೋದೆವು. ಮಳೆ ಜೋರಾದ ದಿನ, ಬೈಕು ಕೆಟ್ಟ ದಿನ ಮಾತ್ರ ಬಸ್ಸು ಬೇಕಾಯಿತು. ವರ್ಷಕ್ಕೆ ಹತ್ತು ದಿನ ಹತ್ತುವವರನ್ನು ನಂಬಿ ಮುನ್ನೂರು ದಿನ ಬಸ್ಸು ಓಡಿಸಲು ಆಗುತ್ತದೆಯೇ?

ಸಹಕಾರ ಸಾರಿಗೆಯಿಂದ ಕಲಿಯಬೇಕಾದ ಪಾಠವೂ ಇದರಲ್ಲೇ ಇದೆ. “ಸಹಕಾರದ ಬಸ್ಸೇ ನಿಂತುಹೋಯಿತಲ್ಲ, ಇನ್ನು ಸಹಕಾರದ ಮಾತೇಕೆ?” ಎಂದು ಕೇಳುವವರಿದ್ದಾರೆ. ಅವರಲ್ಲಿ ನಮ್ಮ ಅರಿಕೆ ಇಷ್ಟು: ಅದು ನೌಕರರ ಸಹಕಾರ ಸಂಘವಾಗಿತ್ತು. ಬಸ್ಸು ಓಡಿಸುವವರು ಅದರ ಸದಸ್ಯರು. ಬಸ್ಸು ಹತ್ತುವ ನಾವು ಬರಿಯ ಗಿರಾಕಿಗಳು. ಖಾಲಿ ಸೀಟಿನ ಭಾರವನ್ನೆಲ್ಲ ಅವರ ಹೆಗಲ ಮೇಲೆ ಬಿಟ್ಟು, ಸಂಘ ಮುಳುಗುವಾಗ ನಾವು ದಡದಲ್ಲಿ ನಿಂತು ಮರುಗಿದೆವು. ನಿಂತ ಮೇಲೆ ಪತ್ರಿಕೆಗಳಿಗೆ ಪತ್ರ ಬರೆದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಈ ಪಾಡು ನಮ್ಮೊಬ್ಬರದೇ ಅಲ್ಲ. ನಮ್ಮಂತೆಯೇ ಸಣ್ಣ ಹಿಡುವಳಿದಾರರು ಕಾಫಿ ಬೆಳೆದು ಸಹಕಾರ ಸಂಘಗಳ ಮೂಲಕ ಮಾರುವ ಕೀನ್ಯಾ ದೇಶದ ಕಥೆ ಕೇಳಿ. ಅಲ್ಲಿ ಬಸ್ಸು ಸಾಲದ ಕಡೆ ‘ಮಟಾಟು’ ಎಂಬ ವ್ಯಾನುಗಳು ಹುಟ್ಟಿಕೊಂಡವು. 1973ರಲ್ಲಿ ಅಧ್ಯಕ್ಷ ಜೋಮೋ ಕೆನ್ಯಾಟಾ ಅವಕ್ಕೆ ಪರವಾನಗಿಯಿಲ್ಲದೆ ಓಡಲು ಅಪ್ಪಣೆ ಕೊಟ್ಟರು. ಕ್ರಮೇಣ ದೇಶದ ಜನ ಅವನ್ನೇ ನಂಬಬೇಕಾಯಿತು; ಮಿತಿಮೀರಿ ತುಂಬುವುದು, ವೇಗ, ಅಪಘಾತ ಎಲ್ಲವೂ ಬೆಳೆದವು. 2004ರಲ್ಲಿ ವೇಗ ನಿಯಂತ್ರಕ, ಸೀಟಿನ ಬೆಲ್ಟು, ದಾರಿಯ ಹೆಸರು ಬರೆದ ಹಳದಿ ಪಟ್ಟಿ ಕಡ್ಡಾಯವಾದವು. 2010ರ ನಂತರ ಬಿಡಿ ಬಿಡಿಯಾಗಿ ಗಾಡಿ ಓಡಿಸುವುದನ್ನು ತಡೆದು, ವ್ಯಾನಿನ ಮಾಲೀಕರು ಸಹಕಾರ ಸಂಘವನ್ನೋ ಕಂಪನಿಯನ್ನೋ ಸೇರಲೇಬೇಕೆಂದು ಸರ್ಕಾರ ವಿಧಿಸಿತು. ತೊಂದರೆಗಳೆಲ್ಲ ನೀಗಿದವೆಂದಲ್ಲ. ಆದರೂ ವ್ಯಾನನ್ನು ಓಡಿಸಿಬಿಡುವ ಬದಲು ಕೂಟಕ್ಕೆ ಸೇರಿಸಿ ಹೊಣೆ ಹೊರಿಸಬಹುದೆಂಬ ದಾರಿ ಅಲ್ಲಿ ಕಂಡಿತು.

ನಮ್ಮ ಮನೆಯ ಉದಾಹರಣೆಯೂ ಇದೆ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದರಿಂದ ವರ್ತಕರು ಊರು ಬಿಟ್ಟು ಹೋಗಲಿಲ್ಲ. ಅವರ ಪಕ್ಕದಲ್ಲೇ ಸಂಘ ನಿಂತು ಕೊಳ್ಳತೊಡಗಿದ್ದರಿಂದ ಧಾರಣೆಗೆ ಒಂದು ನೆಲೆ ಸಿಕ್ಕಿತು. ವ್ಯಾನಿನ ವಿಷಯದಲ್ಲೂ ನಮಗೆ ಬೇಕಾದದ್ದು ಅಂಥ ಒಂದು ನೆಲೆ.

ಆದ್ದರಿಂದ ನಮ್ಮ ಸಲಹೆ ಇದು. ಸಂಘ ಗಾಡಿ ಕೊಳ್ಳುವುದು ಬೇಡ, ಚಾಲಕನನ್ನು ನೇಮಿಸುವುದೂ ಬೇಡ. ಈಗಾಗಲೇ ಓಡುತ್ತಿರುವ ಹಳದಿ ಬೋರ್ಡಿನ ಒಬ್ಬಿಬ್ಬರು ವ್ಯಾನಿನವರ ಜೊತೆ ಸಂಘ ಬರಹದ ಒಪ್ಪಂದ ಮಾಡಿಕೊಳ್ಳಲಿ. ಬೆಳಿಗ್ಗೆ ಇಷ್ಟು ಗಂಟೆಗೆ, ಸಂಜೆ ಇಷ್ಟು ಗಂಟೆಗೆ, ತುಂಬಲಿ ಬಿಡಲಿ ಗಾಡಿ ಹೊರಡಬೇಕು. ಹನ್ನೆರಡಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಹತ್ತಿಸಬಾರದು. ಪ್ರತಿಯಾಗಿ ಖಾಲಿ ಸೀಟಿನ ನಷ್ಟವನ್ನು ಸಂಘ ತುಂಬಿಕೊಡುತ್ತದೆ.

ಅದು ಎಷ್ಟಾದೀತು? ಲೆಕ್ಕಕ್ಕೆಂದು ಅಂದಾಜು ಹಿಡಿಯೋಣ. ಪೇಟೆಗೆ 15 ಕಿಲೋಮೀಟರು, ಹೋಗಿ ಬರಲು 30. ಲೀಟರಿಗೆ ಹತ್ತು ಕಿಲೋಮೀಟರಿನಂತೆ 3 ಲೀಟರು ಡೀಸೆಲ್ಲು, ಲೀಟರಿಗೆ 90 ರೂಪಾಯಿಯಂತೆ 270 ರೂ. ಚಾಲಕನ ಸಂಬಳ, ಟೈರು, ವಿಮೆ, ತೆರಿಗೆ, ಸಾಲದ ಕಂತಿಗೆ 430 ರೂ. ಒಟ್ಟು 700 ರೂ. ತಲೆಗೆ 30 ರೂ. ದರದಲ್ಲಿ ಹೋಗುವಾಗ ಹನ್ನೆರಡು, ಬರುವಾಗ ಹನ್ನೆರಡು ಜನರಿದ್ದರೆ 720 ರೂ. ಹುಟ್ಟುತ್ತದೆ, ಗಾಡಿ ತನ್ನ ಕಾಲ ಮೇಲೆ ನಿಲ್ಲುತ್ತದೆ. ಎಂಟೆಂಟು ಜನ ಮಾತ್ರ ಇದ್ದರೆ 480 ರೂ., ಖೋತಾ 220 ರೂ. ದಿನಕ್ಕೆ ಎರಡು ಬಾರಿ, ತಿಂಗಳಿಗೆ 25 ದಿನ ಎಂದರೆ 50 ಬಾರಿ. ಪ್ರತಿ ಬಾರಿಯೂ ನಾಲ್ಕು ಸೀಟು ಖಾಲಿ ಉಳಿದರೂ ತಿಂಗಳ ಖೋತಾ 11,000 ರೂ. ಈ ದಾರಿಯಲ್ಲಿ 110 ಸದಸ್ಯ ಮನೆಗಳಿದ್ದರೆ ಮನೆಗೆ 100 ರೂ. ವಿದ್ಯಾರ್ಥಿಗಳಿಗೆ ಅರ್ಧ ದರ ಮಾಡಿ ಖೋತಾ ದುಪ್ಪಟ್ಟಾಯಿತೆಂದೇ ಇಟ್ಟುಕೊಳ್ಳಿ, ಮನೆಗೆ 200 ರೂ. ಎರಡು ಲೀಟರು ಪೆಟ್ರೋಲಿನ ಆಸುಪಾಸಿನ ಹಣ. ದಾರಿಯಿಂದ ದಾರಿಗೆ ಅಂಕಿಗಳು ಬದಲಾಗುತ್ತವೆ. ಲೆಕ್ಕದ ಕ್ರಮ ಇದೇ.

ಕಾನೂನಿನ ದೃಷ್ಟಿಯಿಂದಲೂ ಇದು ಇಂದಿನ ಸ್ಥಿತಿಗಿಂತ ವಾಸಿ. ಸಂಘವೇ ಇಡೀ ಗಾಡಿಯನ್ನು ಗೊತ್ತಾದ ಸದಸ್ಯರ ಪಟ್ಟಿಯೊಂದಿಗೆ ಒಪ್ಪಂದದ ಮೇಲೆ ಪಡೆದರೆ ಅದು ಕಾಂಟ್ರಾಕ್ಟ್ ಕ್ಯಾರಿಯೇಜಿನ ಅರ್ಥಕ್ಕೆ ಹತ್ತಿರ ಬರುತ್ತದೆ. ದಾರಿಯಲ್ಲಿ ಎಲ್ಲರನ್ನೂ ಹತ್ತಿಸಬೇಕೆಂದರೆ ಸ್ಟೇಜ್ ಕ್ಯಾರಿಯೇಜ್ ರಹದಾರಿಗೆ ಅರ್ಜಿ ಹಾಕಿಸಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ವ್ಯಾನಿನವನೊಬ್ಬನೇ ನಿಲ್ಲುವುದಕ್ಕೂ ನೂರಾರು ಸದಸ್ಯರ ಸಹಿಯೊಂದಿಗೆ ಸಂಘ ಅವನ ಬೆನ್ನಿಗೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಒಪ್ಪಂದಕ್ಕೆ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮೆಯ ಕಾಗದವನ್ನು ಓದಿಸಿಯೇ ಮುಂದುವರಿಯತಕ್ಕದ್ದು.

ಇದರಿಂದ ಸರ್ಕಾರಿ ಬಸ್ಸಿನ ಬೇಡಿಕೆ ಬಿದ್ದುಹೋಗುತ್ತದೆ ಎಂಬ ಅಂಜಿಕೆ ಬೇಡ. ಇಂದು ನಾವು ಬಸ್ಸು ಕೊಡಿ ಎಂದಾಗ “ಜನ ಎಲ್ಲಿದ್ದಾರೆ?” ಎಂಬ ಪ್ರಶ್ನೆ ಬರುತ್ತದೆ, ಉತ್ತರಕ್ಕೆ ನಮ್ಮಲ್ಲಿ ಕಾಗದವಿಲ್ಲ. ಒಂದು ವರ್ಷ ವ್ಯಾನು ಹೊತ್ತಿಗೆ ಸರಿಯಾಗಿ ಓಡಿ, ಯಾವ ಗಂಟೆಗೆ ಎಷ್ಟು ಜನ, ಅವರಲ್ಲಿ ಹೆಂಗಸರೆಷ್ಟು, ವಿದ್ಯಾರ್ಥಿಗಳೆಷ್ಟು ಎಂಬ ಪುಸ್ತಕವಿದ್ದರೆ, ಅದಕ್ಕಿಂತ ಗಟ್ಟಿ ಮನವಿ ಬೇರೊಂದಿಲ್ಲ. ಆ ಪುಸ್ತಕ ನೋಡಿ ಬಸ್ಸು ಬಂದರೆ ಎಲ್ಲರಿಗೂ ಸಂತೋಷ. ಬರುವ ತನಕ ಊರು ನಿಂತ ನೀರಾಗಬಾರದು.

“ಗೊಬ್ಬರ, ಸಾಲ, ಮಾರಾಟ, ಇಷ್ಟು ಸಂಘದ ಕೆಲಸ. ಜನರ ಓಡಾಟ ನಮಗೇಕೆ?” ಎಂಬ ಆಕ್ಷೇಪ ಬಂದೀತು. ಕೊಯ್ಲಿನ ದಿನ ಆಳು ತಲುಪದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಕೊನೆಗಾರ ಬರದಿದ್ದರೆ ಅಡಿಕೆ ಮರದಲ್ಲೇ ಹಣ್ಣಾಗುತ್ತದೆ. ಮಕ್ಕಳ ಓದಿಗೆಂದು ಒಂದೊಂದೇ ಮನೆ ಪೇಟೆಯಲ್ಲಿ ಬಾಡಿಗೆ ಹಿಡಿದು, ತೋಟ ಉಸ್ತುವಾರಿಯವರ ಪಾಲಾದರೆ ನಾಳೆ ಸಂಘಕ್ಕೆ ಗೊಬ್ಬರ ಕೊಳ್ಳುವವರೇ ಉಳಿಯುವುದಿಲ್ಲ. ದಾರಿ ಸತ್ತ ಊರಿನಲ್ಲಿ ತೋಟ ಎಷ್ಟು ದಿನ ಬದುಕೀತು?

ಇದಕ್ಕೆ ಕಾರು ಇರುವವರ ಒಪ್ಪಿಗೆ ಮುಖ್ಯ. ತಾವು ಹತ್ತದ ಗಾಡಿಗೆ ತಿಂಗಳಿಗೆ ನೂರಿನ್ನೂರು ಕೊಡಬೇಕಾದವರು ಅವರು. ಅವರಲ್ಲಿ ನಾವು ದಾನ ಕೇಳುತ್ತಿಲ್ಲ. ಅವರ ತೋಟದ ಆಳು, ಅವರ ಮನೆಯ ವೃದ್ಧರು, ನಾಳೆ ಕಣ್ಣು ಮಂಜಾಗಿ ಸ್ಟಿಯರಿಂಗು ಹಿಡಿಯಲಾರದ ಅವರೇ ಈ ಗಾಡಿಯ ಪ್ರಯಾಣಿಕರು. ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹೊರೆಯನ್ನು ಈಗ ಹೊತ್ತಿರುವವಳು ಹದಿನಾರರ ಒಬ್ಬ ಹುಡುಗಿ ಎಂಬುದನ್ನು ಮರೆಯದಿರೋಣ.

ಮುಂಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಕೋರುತ್ತೇವೆ. ಅದಕ್ಕೆ ಮುನ್ನ ಪ್ರತಿಯೊಬ್ಬ ಸದಸ್ಯರೂ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದು ಕಚೇರಿಗೆ ತಲುಪಿಸಲಿ: ಮನೆಯಿಂದ ಎಷ್ಟು ಜನ ಓಡಾಡುತ್ತಾರೆ, ಯಾವ ಹೊತ್ತಿಗೆ, ತಿಂಗಳಿಗೆ ಎಷ್ಟು ಕೊಡಲು ಸಿದ್ಧರಿದ್ದಾರೆ. ಚೀಟಿಗಳು ಸಾಕಷ್ಟು ಬಾರದಿದ್ದರೆ ನಮ್ಮ ಲೆಕ್ಕ ತಪ್ಪೆಂದು ಒಪ್ಪಿಕೊಳ್ಳುತ್ತೇವೆ. ಬಂದರೆ, ಮುಂದಿನ ಕೊಯ್ಲಿಗೆ ಮೋರಟಗಿಯ ಆ ತಂಡ ಮರಳಿ ಬರುವಾಗ ಪೇಟೆಯ ಬಸ್ ನಿಲ್ದಾಣದಲ್ಲಿ ಗೊತ್ತಾದ ಹೊತ್ತಿಗೆ ಹೊರಡುವ ಒಂದು ಗಾಡಿ ನಿಂತಿರಲಿ, ಅದರಲ್ಲಿ ಕೂರಲು ಅವರಿಗೆ ಜಾಗವೂ ಇರಲಿ.